ಕೊಸರಿನ ಋಣ

ಮದ್ದೂರು ತಾಲ್ಲೂಕಿನ ಭಾರತೀನಗರವನ್ನು ಹಳಬರು ಈಗಲೂ ಕೆ. ಎಂ. ದೊಡ್ಡಿಯೆಂದೇ ಕರೆಯುವರು. ಊರಿನ ಹಳೆಯ ಹೆಸರಿನಂತೆ ಹಳೆಯ ಅಂಗಡಿಯ ನೆನಪೂ ಸುಲಭವಾಗಿ ಬಿಡತಕ್ಕುದಲ್ಲ. ಬೆಲ್ಲದ ವಾಸನೆ, ತಕ್ಕಡಿಯ ತೂಗಾಟ, ಪೊಟ್ಟಣಕ್ಕೆ ಸುತ್ತುವ ನೂಲು, ಕಡೆಗೆ ಅಂಗೈಗೆ ಬೀಳುವ ಹಿಡಿ ಕಡಲೆಯ ಕೊಸರು: ಇವನ್ನು ನೆನೆದಾಗ, ಮೊಬೈಲನ್ನು ಒತ್ತಿ ಮನೆಬಾಗಿಲಿಗೆ ಸಾಮಾನು ತರಿಸಿಕೊಳ್ಳುವ ಇಂದಿನ ಸೌಕರ್ಯವು ನೀರಸವಾಗಿ ತೋರುವುದು ಸಹಜ.

ಆದರೆ ನೆನಪು ಪಕ್ಷಪಾತವುಳ್ಳ ಸಾಕ್ಷಿ. 1957ರಲ್ಲಿ ನಯಾ ಪೈಸೆ ಬಂದು ಕೆಲವು ವರ್ಷಗಳಾಗಿದ್ದರೂ ಜನರ ಬಾಯಲ್ಲಿ ಆಣೆಯೇ ಉಳಿದಿದ್ದ ಕಾಲ. ಆಲೆಮನೆಗೆ ಕಬ್ಬು ಕಡಿಯುವ ಹೆಂಗಸೊಬ್ಬಳು ಸೀಮೆಎಣ್ಣೆಗಾಗಿ ಬಹಳ ಹೊತ್ತಿನಿಂದ ಅಂಗಡಿಯ ಮುಂದೆ ನಿಂತಿದ್ದಳು. “ಮೇಷ್ಟ್ರ ಮಗ ಬಂದವ್ನೆ, ವಸಿ ಜರುಗಮ್ಮಿ” ಎಂದು ಅಂಗಡಿಯವರು ಅನಂತರ ಬಂದ ನನಗೆ ಮೊದಲು ಕೊಟ್ಟರು. ಕೊಸರೂ ನನಗೇ ದೊರೆಯಿತು. ಆಕೆಗೆ ದೊರೆತುದು ಎಲ್ಲರೆದುರು ಓದಿ ಹೇಳಿದ ಹಳೆಯ ಬಾಕಿಯ ಲೆಕ್ಕ.

ಕೂಲಿ ಕೈಸೇರದ ವಾರಗಳಲ್ಲಿ ಆಕೆಗೆ ಉದ್ದರಿ ಕೊಟ್ಟವರೂ ಅವರೇ ಎಂಬುದನ್ನು ಮರೆಯಲಾಗದು. ಪರಿಚಯವೇ ಆಕೆಗೆ ಆಸರೆಯೂ ಆಗಿದ್ದಿತು, ಅವಮಾನವೂ ಆಗಿದ್ದಿತು. ಇಂದಿನ ಯಂತ್ರವು ಯಾರ ಮಗನೆಂದು ಕೇಳದು, ಇದು ನ್ಯಾಯ. ಮನೆಯಲ್ಲಿ ಒಲೆ ಹೊತ್ತಿತೇ ಎಂದೂ ಕೇಳದು, ಇದು ಕೊರತೆ.

ಆದುದರಿಂದ ಹಳೆಯ ಅಂಗಡಿಗಾಗಿ ಹಂಬಲಿಸುವವರು, ಅಲ್ಲಿ ತಾವು ಎಲ್ಲಿ ನಿಂತಿದ್ದೆವೆಂಬುದನ್ನು ಮೊದಲು ವಿಚಾರಿಸಿಕೊಳ್ಳಬೇಕು. ನಾನು ತಿಂದ ಕಡಲೆಯು ಆಕೆಯ ಸರದಿಯ ಬೆಲೆಯೆಂಬುದು ನನಗೆ ತಿಳಿದುದು ಬಹಳ ತಡವಾಗಿ.