ಗ್ರಾನಾ ಎಂಬ ತರಿ

ಮೊದಲ ಸಲ ಗ್ರಾನಾ ಪಡಾನೊ ಚೀಸ್ ತಂದಾಗ ತೆಳ್ಳಗೆ ಹೋಳು ಮಾಡಲು ಹೊರಟೆ. ಚಾಕು ಪೂರ್ತಿ ಇಳಿಯುವ ಮೊದಲೇ ಅದು ತನಗೆ ಬೇಕಾದಲ್ಲಿ ಒಡೆಯಿತು. ಚೂರೊಂದನ್ನು ಬಾಯಿಗೆ ಹಾಕಿಕೊಂಡರೆ ಹಲ್ಲಿಗೆ ಹರಳು ಸಿಕ್ಕಿತು, ಉಪ್ಪು ಕರಗಿಲ್ಲವೆಂದುಕೊಂಡೆ. ಎರಡೂ ಸಲ ತಪ್ಪು ನನ್ನದೇ. ಇಟಲಿಯ ನುಡಿಯಲ್ಲಿ ಗ್ರಾನಾ ಎಂದರೆ ಕಾಳುಕಾಳಾದದ್ದು, ತರಿತರಿಯಾದದ್ದು. ಅದು ತನ್ನ ಗುಣವನ್ನು ಹೆಸರಲ್ಲೇ ಹೇಳಿಕೊಂಡಿತ್ತು.

ಯಾವ ಕಾಳು? ಹಾಲು ಒಡೆದು ಗಟ್ಟಿಯಾದ ಮೇಲೆ ಅದನ್ನು ‘ಸ್ಪೀನೊ’ ಎಂಬ ದೊಡ್ಡ ಕಡೆಗೋಲಿನಂಥದರಿಂದ ಅಕ್ಕಿಕಾಳಿನಷ್ಟು ಸಣ್ಣಗೆ ಮುರಿಯುತ್ತಾರೆ. ಆ ಕಾಳುಗಳು ತಾಮ್ರದ ಹಂಡೆಯ ತಳ ಸೇರಿ ಒಂದೇ ಮುದ್ದೆಯಾಗುತ್ತವೆ. ಕನಿಷ್ಠ 9 ತಿಂಗಳು ಮಾಗಿದ ಮೇಲೆ ಒಡೆದರೆ ಕಾಣುವ ತರಿ ಬೇರೆಯದು. ಹೆಸರು ಬಂದದ್ದು ಅದರಿಂದ. ನನ್ನ ಹಲ್ಲಿಗೆ ಸಿಕ್ಕಿದ್ದು ಇವೆರಡೂ ಅಲ್ಲ, ಮಾಗುವಾಗ ಪ್ರೋಟೀನು ಒಡೆದು ಹುಟ್ಟುವ ಟೈರೋಸಿನ್ ಹರಳು.

ಈ ಚೀಸಿನ ಹುಟ್ಟನ್ನು ಮಿಲಾನಿನ ಬಳಿ 1135ರಲ್ಲಿ ಸ್ಥಾಪನೆಯಾದ ಕ್ಯಾರವಾಲೆ ಮಠಕ್ಕೆ ಸೇರಿಸುವುದು ರೂಢಿ. ಸನ್ಯಾಸಿಗಳು ಲ್ಯಾಟಿನ್ನಿನಲ್ಲಿ ಅದನ್ನು ‘ಕಾಸೆಯುಸ್ ವೆಟುಸ್’, ಹಳೆಯ ಚೀಸ್, ಎಂದರಂತೆ. ಮಿಕ್ಕ ಹಾಲು ಕೆಡದಂತೆ ಕಾಪಾಡಬೇಕಾದವರ ಲೆಕ್ಕ ಕಾಲದ್ದು. ಲ್ಯಾಟಿನ್ ಬಾರದ ಜನ ಮಾತ್ರ ನಾಲಿಗೆಗೆ ತಾಕಿದ್ದನ್ನೇ ಹೆಸರಾಗಿಸಿದರು. ತುಪ್ಪ ಮರಳುಮರಳಾಗಿದೆ ಎಂದು ಮೆಚ್ಚುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸನ್ಯಾಸಿಗಳ ಹೆಸರು ಕಡತಕ್ಕೆ ಹೋಯಿತು, ತಿನ್ನುವವರದು ಉಳಿಯಿತು.

ಪಡಾನೊ ಎಂದರೆ ಪೋ ನದಿಯ ಬಯಲಿನದು; ಆ ನದಿಯ ಲ್ಯಾಟಿನ್ ಹೆಸರು ಪಾದುಸ್. ಚೀಸುಗಳ ಹೆಸರಿನ ಬಗ್ಗೆ ಆದ 1951ರ ಸ್ಟ್ರೇಸಾ ಒಪ್ಪಂದದಲ್ಲಿ ಇದಿನ್ನೂ ಲೋದಿ ಊರಿನ ಗ್ರಾನಾ, ‘ಗ್ರಾನಾ ಲೋದಿಜಾನೊ’. ಆಮೇಲೆ ಊರು ಬಿಟ್ಟು ನದಿಯನ್ನು ಹಿಡಿಯಿತು.

ಊರು, ನದಿಗಳಿಗೆ ಹಕ್ಕು ಕೇಳುವುದು ಅರ್ಥವಾಗುತ್ತದೆ. ಆದರೆ ತರಿಗೆ? ಒಂದು ಕಂಪನಿ ತನ್ನ ಚೀಸಿನ ಹೆಸರಿನಲ್ಲೂ ಗ್ರಾನಾ ಸೇರಿಸಿಕೊಂಡಾಗ ವ್ಯಾಜ್ಯವೆದ್ದಿತು. ಆ ಪದ ಎಲ್ಲರಿಗೂ ಸೇರಿದ ಸಾಮಾನ್ಯ ಹೆಸರೆಂಬ ವಾದವನ್ನು ಲಕ್ಸೆಂಬರ್ಗಿನ ಯುರೋಪಿಯನ್ ನ್ಯಾಯಾಲಯ 2007ರಲ್ಲಿ ಒಪ್ಪಲಿಲ್ಲ. ತಯಾರಿಸುವವರ ದೃಷ್ಟಿಯಿಂದ ತೀರ್ಪು ಸರಿಯಿರಬಹುದು. ಹೆಸರಿಟ್ಟವರು ತಿನ್ನುವವರಲ್ಲವೇ ಎಂಬ ತಕರಾರು ನನ್ನೊಳಗೆ ಇನ್ನೂ ಇದೆ. ಅಂದ ಹಾಗೆ, ಇಟಲಿಯ ಆಡುಮಾತಿನಲ್ಲಿ ಗ್ರಾನಾಕ್ಕೆ ದುಡ್ಡು, ತಂಟೆ ಎಂಬ ಅರ್ಥಗಳೂ ಇವೆ. ಆ ಮೊಕದ್ದಮೆಯಲ್ಲಿ ಚೀಸಿನ ಜೊತೆ ಆ ಎರಡೂ ಇದ್ದವು.