ಕೇಶವನ ಪೀಠವೂ ಬಿಳಿಮೀನಿನ ಮಡುವೂ

ಸೋಮನಾಥಪುರದ ತ್ರಿಕೂಟಾಲಯದ ನಡುವಣ ಗರ್ಭಗೃಹದೆದುರು ನಿಂತಾಗಲೆಲ್ಲ ನನ್ನ ಚಿತ್ತವನ್ನು ಹಿಡಿದಿಡುವುದು ಅಲ್ಲಿಲ್ಲದ ಮೂರ್ತಿ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು 1258ರಲ್ಲಿ ಪ್ರತಿಷ್ಠೆ ಮಾಡಿಸಿದ ಮೂಲಕೇಶವನು ಕಾಣೆಯಾಗಿ, ಆ ಪೀಠದ ಮೇಲೆ ಈಗ ನಿಂತಿರುವುದು ಬದಲಿ ವಿಗ್ರಹ. ಶಿಲೆಯ ವಿಷಯದಲ್ಲಿ ಇದು ಸಹ್ಯವೇ ಸರಿ. ಭಿನ್ನವಾದ ಬಿಂಬವನ್ನು ವಿಸರ್ಜಿಸಿ ಹೊಸ ಬಿಂಬದಲ್ಲಿ ಪ್ರಾಣಪ್ರತಿಷ್ಠೆ ಮಾಡುವ ವಿಧಿಯು ನಮ್ಮಲ್ಲುಂಟು, ಮಂತ್ರವು ಕೊಟ್ಟ ಪ್ರಾಣವನ್ನು ಮಂತ್ರವೇ ಮರಳಿ ಕೊಡಬಲ್ಲುದು. ಆದರೆ ನದಿಯು ಕೊಟ್ಟ ಪ್ರಾಣಕ್ಕೆ ಪ್ರತಿನಿಧಿಯುಂಟೆ?

ಇಲ್ಲಿಂದ ಅನತಿದೂರದ ತಿರುಮಕೂಡಲಿನಲ್ಲಿ ಕಪಿಲೆಯು ಕಾವೇರಿಯನ್ನು ಕೂಡುವುದನ್ನು ನೋಡುವಾಗ ಈ ಪ್ರಶ್ನೆಯು ತತ್ತ್ವಜಿಜ್ಞಾಸೆಯಾಗಿ ಮಾತ್ರ ಉಳಿಯುವುದಿಲ್ಲ. ಬೆಸ್ತರು ಬಿಳಿಮೀನೆಂದು ಕರೆಯುವ ಮಹಶೀರ್‌ಗಳಲ್ಲಿ ಕಿತ್ತಳೆಬಣ್ಣದ ರೆಕ್ಕೆಯ, ಗೂನುಬೆನ್ನಿನ ಮಹಾಮತ್ಸ್ಯವು, ಕಾವೇರಿಯ ಜಲಕುಲದಲ್ಲಲ್ಲದೆ ಲೋಕದ ಮತ್ತೆಲ್ಲಿಯೂ ಹುಟ್ಟಿದುದಲ್ಲ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಪಿಲೆಯಲ್ಲಿ ಗಾಳಹಾಕಿ ಹಿಡಿದ ಮೀನು 120 ಪೌಂಡು ತೂಗಿತು. ಅಂತಹ ಜೀವಕ್ಕೆ ಟೋರ್ ರೆಮದೇವಿ ಎಂಬ ಶಾಸ್ತ್ರೀಯ ನಾಮವು ನಿಶ್ಚಯವಾದುದು 2018ರಲ್ಲಿ. ಅತ್ಯಂತ ಅಪಾಯಕ್ಕೊಳಗಾದ ಪ್ರಾಣಿಗಳ ಪಟ್ಟಿಯಲ್ಲಿ ಅದನ್ನು ಸೇರಿಸಬೇಕಾಗಿ ಬಂದುದೂ ಅದೇ ವರ್ಷ. ನಾಮಕರಣವೂ ಮೃತ್ಯುಶಂಕೆಯೂ ಒಂದೇ ವರ್ಷದಲ್ಲಿ ಒದಗಿದುದು ಎಷ್ಟು ದಾರುಣ!

ಇದಕ್ಕೂ ಮೊದಲು ಬದಲಿ ಮೂರ್ತಿಯ ಪ್ರತಿಷ್ಠೆ ನೀರಿನಲ್ಲಿಯೂ ಆಗಿಹೋಗಿತ್ತು. 1970ರ ದಶಕದಿಂದ, ಮಹಶೀರ್ ಕ್ಷೀಣಿಸುತ್ತಿದೆಯೆಂಬ ಕಳವಳದಿಂದಲೇ, ಲೋನಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿರೆಕ್ಕೆಯ ಮಹಶೀರನ್ನು ಕಾವೇರಿಗೆ ಬಿಡಲಾಯಿತು. ಮರಿಗಳನ್ನು ಬಿಟ್ಟವರು ಸದ್ಭಾವದಿಂದಲೇ ಬಿಟ್ಟರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಬಂದದ್ದು ವೃದ್ಧಿಹೊಂದಿತು, ಇದ್ದದ್ದು ವಿರಳವಾಯಿತು. ಗರ್ಭಗೃಹದ ಬದಲಿ ವಿಗ್ರಹವು ಮೂಲಮೂರ್ತಿಯ ಅನ್ನವನ್ನು ಕಸಿಯದು. ನೀರಿನ ಬದಲಿ ಜೀವವು ಕಸಿದೀತು.

ಹಾಗಾದರೆ ರಕ್ಷಣೆಯೆಂಬುದರ ಅರ್ಥವೇನು? ರಾಮನಾಥಪುರದ ಸೋಪಾನದ ಬಳಿ ಕಾವೇರಿಯ ಮೀನುಗಳಿಗೆ ಪುರಿಯೆರಚುವ ಭಕ್ತರ ಕೈಯನ್ನು ನಾನು ಗೌರವಿಸುತ್ತೇನೆ. ದೇವರ ಮೀನೆಂಬ ಆ ಒಂದು ಮಾತು ಎಷ್ಟೋ ಬಲೆಗಳನ್ನು ತಡೆದಿದೆ. ಆದರೆ ಆ ಭಕ್ತಿಯು ಸೋಪಾನದ ಕೊನೆಯ ಕಲ್ಲಿನಲ್ಲಿ ನಿಂತುಬಿಡುತ್ತದೆ. ತುಸು ಕೆಳಗಣ ಮಡುವಿನಲ್ಲಿ ತೋಟೆ ಸಿಡಿದರೆ ಅದನ್ನು ಅಪಚಾರವೆಂದು ಬಗೆಯುವವರು ವಿರಳ. ಮೀನು ಬೇಡುವುದು ಪುರಿಯನ್ನಲ್ಲ. ಬೇಸಗೆಗೆ ಆಳವಾದ ಮಡು, ಮೊಟ್ಟೆಗೆ ಮರಳುಗಾರಿಕೆಯು ಕದಡದ ನೊರಜುಗಲ್ಲಿನ ಹಾಸು, ಮುಂಗಾರಿನ ಹೊಸನೀರಿಗೆ ಎದುರಾಗಿ ಹತ್ತಲು ತಡೆಯಿಲ್ಲದ ಹರಿವು—ಇವು ಅದರ ಪ್ರಾರ್ಥನೆ. ಕೃಷ್ಣರಾಜಸಾಗರದ ಕಟ್ಟೆಯೂ ಕಪಿಲೆಯ ಕಟ್ಟೆಯೂ ನಮ್ಮ ಗದ್ದೆಗಳಿಗೆ ಅನ್ನವಿತ್ತಿವೆ, ಅದನ್ನು ಮರೆಯಲಾಗದು. ಆ ಅನ್ನದ ಬೆಲೆಯಲ್ಲಿ ಒಂದು ಪಾಲನ್ನು ಮೇಲೇರಲಾಗದ ಮೀನು ತೆತ್ತಿದೆಯೆಂಬುದೂ ಅಷ್ಟೇ ನಿಜ.

ಮತ್ಸ್ಯಾವತಾರದ ಕಥೆಯನ್ನು ನಾವು ಪ್ರಳಯದಿಂದ ಹಿಂದಕ್ಕೆ ಓದಿ, ಮೀನು ಮನುವನ್ನು ಪೊರೆಯಿತೆಂದು ನೆನೆಯುತ್ತೇವೆ. ಆದರೆ ಕಥೆಯ ಪೂರ್ವಾರ್ಧವೆಲ್ಲ ಸ್ಥಳದ ಬೇಡಿಕೆ. ತರ್ಪಣದ ಬೊಗಸೆಗೆ ಬಂದ ಮರಿಯು ಕಮಂಡಲು ಸಾಲದೆನ್ನುತ್ತದೆ, ಕೊಳ ಸಾಲದೆನ್ನುತ್ತದೆ, ಸರೋವರವೂ ಸಾಲದೆನ್ನುತ್ತದೆ. ಮುಂದೆ ಮನುವಾದ ಸತ್ಯವ್ರತನು ಒಮ್ಮೆಯೂ ಇದಕ್ಕೆ ಬದಲಾಗಿ ಚಿಕ್ಕ ಮೀನೊಂದನ್ನು ಹುಡುಕಲಿಲ್ಲ. ಬೆಳೆಯುತ್ತಿರುವ ಅದನ್ನೇ ಎತ್ತಿಕೊಂಡು, ಇನ್ನೂ ದೊಡ್ಡ ನೀರನ್ನು ಅರಸಿ ನಡೆದನು.