ದುಡಿಮೆಯ ಫಲವೋ, ಅದೃಷ್ಟದ ಫಲವೋ?

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದು ನಮ್ಮ ಹಿರಿಯರ ಗಾದೆ. ‘ಹಣೆಯಲ್ಲಿ ಬರೆದದ್ದನ್ನು ಅಳಿಸಲಾಗದು’ ಎಂಬುದೂ ಅವರದೇ ಮಾತು. ನಮ್ಮ ಜನ ಇವೆರಡನ್ನೂ ಒಂದೇ ಬಾಯಲ್ಲಿ ಆಡುತ್ತಾರೆ. ಸ್ವಂತ ಮಗ ಅಮೆರಿಕದಲ್ಲಿ ಮನೆ ಕೊಂಡರೆ ಅದು ಅವನ ದುಡಿಮೆ. ಪಕ್ಕದ ಮನೆಯವರ ಮಗ ಕೊಂಡರೆ ಅದು ಅವನ ಅದೃಷ್ಟ!

ಪ್ರಿಯ ಓದುಗರೇ, ಇದು ನಕ್ಕು ಬಿಡುವ ವಿಷಯವಲ್ಲ. ಅಮೆರಿಕದಲ್ಲಿ ಮನುಷ್ಯ ಹಣವಂತನಾಗುವುದು ದುಡಿಮೆಯಿಂದಲೋ ಅದೃಷ್ಟದಿಂದಲೋ ಎಂಬ ಪ್ರಶ್ನೆಗೆ ನಾವು ಕೊಡುವ ಉತ್ತರದ ಮೇಲೆ, ಬಡವನನ್ನು ನಾವು ಹೇಗೆ ನೋಡುತ್ತೇವೆ ಎಂಬುದು ನಿಂತಿದೆ. ದೇವರ ಬಗ್ಗೆ ಏನು ಹೇಳುತ್ತೇವೆ ಎಂಬುದೂ ನಿಂತಿದೆ.

ಅಮೆರಿಕನ್ನರ ಉತ್ತರ ಬಹುಕಾಲದಿಂದ ಒಂದೇ: ದುಡಿಮೆ. ಬೆಂಜಮಿನ್ ಫ್ರಾಂಕ್ಲಿನ್ ತಮ್ಮ 1758ರ ಪಂಚಾಂಗದ ಮುನ್ನುಡಿಯಲ್ಲಿ ಶ್ರಮ ಮತ್ತು ಮಿತವ್ಯಯವೇ ಸಂಪತ್ತಿನ ದಾರಿ ಎಂದು ಬೋಧಿಸಿದರು. ನೂರು ವರ್ಷಗಳ ನಂತರ ಹೊರೇಷಿಯೋ ಆಲ್ಜರ್ ಎಂಬ ಲೇಖಕ ಬಡಹುಡುಗರು ಮೇಲೆ ಬರುವ ಕಥೆಗಳನ್ನು ಬರೆದು ಮನೆಮಾತಾದ. ಅವನ ‘ರ‍್ಯಾಗ್ಡ್ ಡಿಕ್’ 1868ರಲ್ಲಿ ಪುಸ್ತಕವಾಗಿ ಬಂತು. ನ್ಯೂಯಾರ್ಕಿನ ಬೀದಿಯಲ್ಲಿ ಬೂಟು ಪಾಲಿಶ್ ಮಾಡುವ ಹುಡುಗ ಡಿಕ್ ಕಾಸಿಗೆ ಕಾಸು ಕೂಡಿಸುತ್ತಾನೆ, ರಾತ್ರಿ ಕೂತು ಓದುಬರಹ ಕಲಿಯುತ್ತಾನೆ. ಆದರೆ ಅವನಿಗೆ ಒಳ್ಳೆಯ ಕೆಲಸ ಸಿಗುವುದು ಹೇಗೆ? ದೋಣಿಯಲ್ಲಿ ಹೋಗುವಾಗ ಒಂದು ಮಗು ನೀರಿಗೆ ಬೀಳುತ್ತದೆ. ಡಿಕ್ ಧುಮುಕಿ ಉಳಿಸುತ್ತಾನೆ. ಮಗುವಿನ ತಂದೆ ಶ್ರೀಮಂತ ವ್ಯಾಪಾರಿ. ವಾರಕ್ಕೆ 10 ಡಾಲರಿನ ಗುಮಾಸ್ತೆಯ ಕೆಲಸ ಅಲ್ಲೇ ಸಿಗುತ್ತದೆ. ದುಡಿಮೆಯ ಮಹಿಮೆಯನ್ನು ಸಾರಲು ಹೊರಟ ಕಥೆಗಾರನಿಗೂ ಕೊನೆಗೆ ಕೈಹಿಡಿದದ್ದು ಒಂದು ಆಕಸ್ಮಿಕ!

ಹಾಗೆಂದು ದುಡಿಮೆಯನ್ನು ಹೀಗಳೆಯುವಂತಿಲ್ಲ. ಐರ್ಲೆಂಡಿನ ಬರಗಾಲದಿಂದ ತಪ್ಪಿಸಿಕೊಂಡು ಹೋದ ಕಥೋಲಿಕರು, ಆಮೇಲೆ ಇಟಲಿ, ಪೋಲೆಂಡುಗಳಿಂದ ಹೋದವರು ಕಾಲುವೆ ಅಗೆದು, ರೈಲು ಹಳಿ ಹಾಕಿ, ಕಲ್ಲಿದ್ದಲು ಗಣಿಗಳಲ್ಲಿ ಇಳಿದು ಮಕ್ಕಳನ್ನು ಓದಿಸಿದರು. ಆ ದೇಶದ ಎಷ್ಟೋ ದೇವಾಲಯಗಳು ಎದ್ದುನಿಂತದ್ದು ಅವರು ಕೊಟ್ಟ ಚಿಲ್ಲರೆ ಕಾಸಿನಿಂದ. ದುಡಿಯಲೊಲ್ಲದವನು ಊಟಕ್ಕೂ ಅರ್ಹನಲ್ಲವೆಂದು ಸಂತ ಪೌಲರು ಥೆಸಲೋನಿಕದವರಿಗೆ ಖಂಡಿತವಾಗಿ ಬರೆದಿದ್ದಾರೆ. ಜಗದ್ಗುರು ಎರಡನೇ ಜಾನ್ ಪಾಲರು 1981ರಲ್ಲಿ ಮನುಷ್ಯನ ದುಡಿಮೆಯ ಬಗ್ಗೆಯೇ ಒಂದು ಪರಿಪತ್ರವನ್ನು ಹೊರಡಿಸಿದರು. ದುಡಿಮೆಯಿಂದ ಮನುಷ್ಯ ಮತ್ತಷ್ಟು ಮನುಷ್ಯನಾಗುತ್ತಾನೆ ಎಂಬುದು ಅದರ ತಿರುಳು. ಇದನ್ನು ನಾನು ಪೂರ್ಣವಾಗಿ ನಂಬುತ್ತೇನೆ. ಪ್ರಶ್ನೆ ಬೇರೆ: ದುಡಿದವರಿಗೆಲ್ಲ ಸಿರಿ ಬಂದಿದೆಯೇ? ಸಿರಿ ಬಂದವರಿಗೆಲ್ಲ ಅದು ದುಡಿಮೆಯಿಂದಲೇ ಬಂದಿತೇ?

ಮೊದಲ ಪ್ರಶ್ನೆಗೆ ಕ್ಯಾಲಿಫೋರ್ನಿಯದ ಸೊಪ್ಪಿನ ಹೊಲಗಳು ಉತ್ತರ ಕೊಡುತ್ತವೆ. ಅಲ್ಲಿ ಲೆಟ್ಯೂಸ್ ಸೊಪ್ಪು ಬೆಳೆಯುವ ಕಣಿವೆಗಳಲ್ಲಿ ಕೂಲಿಗಳು, ಬಹುಪಾಲು ಮೆಕ್ಸಿಕೋ ಮೂಲದ ಕಥೋಲಿಕರು, ಎರಡಡಿಗೂ ಗಿಡ್ಡ ಹಿಡಿಯ ಗುದ್ದಲಿಯಿಂದ ಸಾಲು ಬಿಡಿಸಿ ಕಳೆ ತೆಗೆಯಬೇಕಿತ್ತು. ಉದ್ದ ಹಿಡಿಯದು ಸಿಗುತ್ತಿರಲಿಲ್ಲವೆಂದಲ್ಲ. ಗಿಡ್ಡ ಗುದ್ದಲಿಯಾದರೆ ಕೆಲಸ ಅಚ್ಚುಕಟ್ಟು ಎಂದರು ಹೊಲದ ಒಡೆಯರು. ಅದರಲ್ಲಿ ಇನ್ನೊಂದು ಅನುಕೂಲವೂ ಇತ್ತು: ಯಾರಾದರೂ ಬೆನ್ನು ನೆಟ್ಟಗೆ ಮಾಡಿದರೆ, ಅವರು ಸುಧಾರಿಸಿಕೊಳ್ಳುತ್ತಿದ್ದಾರೆಂದು ಮೇಸ್ತ್ರಿಗೆ ದೂರದಿಂದಲೇ ಕಾಣುತ್ತಿತ್ತು. ಹಗಲಿಡೀ ಬಗ್ಗಿ ಬಗ್ಗಿ ನಡುವಯಸ್ಸಿಗೆ ಮೊದಲೇ ಎಷ್ಟೋ ಜನರ ಬೆನ್ನು ಹಾಳಾಯಿತು. 1975ರಲ್ಲಿ, ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ, ಆ ಗುದ್ದಲಿ ನಿಷೇಧವಾಯಿತು. ಅಮೆರಿಕದಲ್ಲಿ ಕಷ್ಟಪಟ್ಟವನು ಮೇಲೆ ಬರುತ್ತಾನೆ ಎಂದು ಯಾರಾದರೂ ಹೇಳಿದಾಗ ನನಗೆ ಆ ಬಗ್ಗಿದ ಬೆನ್ನುಗಳ ನೆನಪಾಗುತ್ತದೆ. ಆ ದೇಶದಲ್ಲಿ ಅವರಿಗಿಂತ ಹೆಚ್ಚು ಕಷ್ಟಪಟ್ಟವರು ಯಾರು?

ಎರಡನೆಯ ಪ್ರಶ್ನೆಗೆ ಬರೋಣ. ಬಿಲ್ ಗೇಟ್ಸ್ ಹಗಲುರಾತ್ರಿ ಎನ್ನದೆ ದುಡಿದವರು, ಸಂಶಯವಿಲ್ಲ. ಆದರೆ 1968ರಲ್ಲಿ, ಅವರು ಇನ್ನೂ ಹುಡುಗನಾಗಿದ್ದಾಗ, ಸಿಯಾಟಲ್‌ನ ಅವರ ಶಾಲೆಗೆ ಕಂಪ್ಯೂಟರಿನ ಸಂಪರ್ಕ ಬಂತು. ತಾಯಂದಿರ ಸಂಘದವರು ಹಳೆಯ ಸಾಮಾನುಗಳನ್ನು ಮಾರಿ ಬಂದ ಹಣದಿಂದ ಅದನ್ನು ಹಾಕಿಸಿದ್ದರು. ಆ ಕಾಲದಲ್ಲಿ ಎಷ್ಟೋ ಕಾಲೇಜುಗಳಲ್ಲೂ ಅಂಥದ್ದು ಇರಲಿಲ್ಲ. ಅವರಷ್ಟೇ ಚುರುಕಾಗಿದ್ದ, ಅದೇ ಯಂತ್ರದ ಮುಂದೆ ಜೊತೆಗೇ ಕೂರುತ್ತಿದ್ದ ಆಪ್ತ ಗೆಳೆಯನೊಬ್ಬ 1972ರಲ್ಲಿ ಬೆಟ್ಟ ಹತ್ತುವಾಗ ಬಿದ್ದು ಸತ್ತ. ವಾರೆನ್ ಬಫೆಟ್ ಅವರಂತೂ ತಾವು 1930ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದೇ ದೊಡ್ಡ ಲಾಟರಿ ಹೊಡೆದಂತೆ ಎಂದು ಹಲವು ಸಲ ಹೇಳಿದ್ದಾರೆ. ಶ್ರೀಮಂತರು ಇಷ್ಟು ಒಪ್ಪಿಕೊಳ್ಳುವುದು ಅಪರೂಪ.

ದೆಹಲಿಯಲ್ಲಿ ಹುಟ್ಟಿ ಹಾರ್ವರ್ಡಿನಲ್ಲಿ ಪಾಠ ಹೇಳುವ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಅವರ ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅಮೆರಿಕದ ಕಟ್ಟಕಡೆಯ ಐದನೇ ಒಂದು ಪಾಲು ಬಡ ಕುಟುಂಬಗಳಲ್ಲಿ ಬೆಳೆದ ಮಗು ದೊಡ್ಡದಾಗಿ ಮೇಲಿನ ಐದನೇ ಒಂದು ಪಾಲಿಗೆ ಏರುವ ಸಾಧ್ಯತೆ ಸ್ಯಾನ್ ಹೊಸೆಯಲ್ಲಿ ಶೇಕಡ 12.9, ಷಾರ್ಲಟ್‌ನಲ್ಲಿ ಶೇಕಡ 4.4. ಒಂದೇ ದೇಶ, ಒಂದೇ ಬಾವುಟ. ಷಾರ್ಲಟ್‌ನ ಮಕ್ಕಳು ಸ್ಯಾನ್ ಹೊಸೆಯ ಮಕ್ಕಳಿಗಿಂತ ಮೂರು ಪಟ್ಟು ಸೋಮಾರಿಗಳೇ? ಯಾವ ಊರಿನಲ್ಲಿ ಹುಟ್ಟಬೇಕೆಂದು ಯಾವ ಮಗು ಅರ್ಜಿ ಹಾಕಿತ್ತು?

ತತ್ವಶಾಸ್ತ್ರ ಓದಿದವರಿಗೆ ಇಲ್ಲಿ ಜಾನ್ ರಾಲ್ಸ್ ನೆನಪಾಗುತ್ತಾರೆ. 1971ರಲ್ಲಿ ಬಂದ ಅವರ ‘ಎ ಥಿಯರಿ ಆಫ್ ಜಸ್ಟಿಸ್’ ಎಂಬ ಗ್ರಂಥ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಬುದ್ಧಿ, ಪ್ರತಿಭೆ ಮಾತ್ರವಲ್ಲ, ಕಷ್ಟಪಡುವ ಮನಸ್ಸು ಕೂಡ ಮನೆಯಿಂದ, ಬೆಳೆದ ಪರಿಸರದಿಂದ ಬರುವಂಥದ್ದು, ಅದನ್ನೂ ‘ನನ್ನ ಸಂಪಾದನೆ’ ಎನ್ನಲಾಗದು. ರಾಲ್ಸ್ ಬಾಲಕನಾಗಿದ್ದಾಗ ಅವರಿಂದ ಅಂಟಿದ ಕಾಯಿಲೆಯಿಂದ ಅವರ ಇಬ್ಬರು ತಮ್ಮಂದಿರು 1928ರಲ್ಲಿ ಒಬ್ಬ, 1929ರಲ್ಲಿ ಒಬ್ಬ, ತೀರಿಕೊಂಡಿದ್ದರು. ರಾಲ್ಸ್ ಉಳಿದರು. ಅಂಥವರು ಅದೃಷ್ಟದ ಬಗ್ಗೆ ಹಗುರವಾಗಿ ಬರೆಯಲಾರರು. ಆದರೂ ಅವರ ಮಾತನ್ನು ಕೊನೆಯವರೆಗೂ ಒಪ್ಪಲು ನನಗೆ ಆಗುವುದಿಲ್ಲ. ನನ್ನ ಪ್ರಯತ್ನವೂ ನನ್ನದಲ್ಲವಾದರೆ ನನ್ನ ಪಾಪವೂ ನನ್ನದಲ್ಲ, ಪಶ್ಚಾತ್ತಾಪವೂ ನನ್ನದಲ್ಲ. ದೇವರು ಕೊಟ್ಟ ಸ್ವತಂತ್ರ ಇಚ್ಛೆ ನಮ್ಮಲ್ಲಿ ನಿಜವಾಗಿಯೂ ಇದೆ. ತಲೆಂತುಗಳ ಸಾಮತಿಯಲ್ಲಿ ಐದು, ಎರಡು, ಒಂದು ಎಂದು ಹಂಚಿದವನು ಯಜಮಾನ; ಅದರಲ್ಲಿ ಆಳುಗಳ ಹೆಚ್ಚುಗಾರಿಕೆ ಏನೂ ಇಲ್ಲ. ಅದನ್ನು ದುಡಿಸಿದ್ದೂ ಹೂತಿಟ್ಟದ್ದೂ ಅವರವರೇ.

ಈಗ ನಮ್ಮ ಮನೆಬಾಗಿಲಿಗೆ ಬರೋಣ. ಅಮೆರಿಕದಲ್ಲಿ ಕೆಲಸ ಮಾಡಲು ನಮ್ಮ ಇಂಜಿನಿಯರ್ ಹುಡುಗರಿಗೆ ಬೇಕಾದ ಎಚ್-1ಬಿ ವೀಸಾಗಳ ಮಿತಿ ವರ್ಷಕ್ಕೆ 65,000. ಅಲ್ಲಿಯೇ ಉನ್ನತ ಪದವಿ ಪಡೆದವರಿಗೆ ಇನ್ನೂ 20,000. ಬೇಡಿಕೆ ಹೆಚ್ಚಾದ ವರ್ಷಗಳಲ್ಲಿ ಕಂಪ್ಯೂಟರಿನಿಂದ ಚೀಟಿ ಎತ್ತುತ್ತಿದ್ದರು. 2023ರಲ್ಲಿ 7 ಲಕ್ಷ 80 ಸಾವಿರಕ್ಕೂ ಹೆಚ್ಚು ನೋಂದಣಿಗಳು ಬಂದು (ಒಬ್ಬರ ಹೆಸರಿನಲ್ಲೇ ಹಲವಾರು ಇದ್ದವು, ಅದು ಬೇರೆ ಕಥೆ) 1 ಲಕ್ಷ 88 ಸಾವಿರದಷ್ಟು ಆಯ್ಕೆಯಾದವು. ಒಂದೇ ಕಾಲೇಜು, ಒಂದೇ ಅಂಕ, ಒಂದೇ ಕಂಪನಿ. ಒಬ್ಬನ ಚೀಟಿ ಬಂತು, ಇನ್ನೊಬ್ಬನದು ಬರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆಯಾಯಿತು. ಎರಡು ವರ್ಷ ಮೊದಲು ಹುಟ್ಟಿದ ಅಣ್ಣ ಹೋದ, ಅದೇ ಓದು ಓದಿದ ತಮ್ಮ ಉಳಿದ. ಇದರಲ್ಲಿ ಯಾರ ಪರಿಶ್ರಮ ಹೆಚ್ಚು, ಯಾರದು ಕಡಿಮೆ?

ಚೀಟಿ ಬಂದವರ ಮನೆಯಲ್ಲಿ ‘ದೇವರು ನಮ್ಮ ಮಗನನ್ನು ಆಶೀರ್ವದಿಸಿದರು’ ಎನ್ನುತ್ತಾರೆ. ಸಹಜ. ಆದರೆ ಅದೇ ದೇವಾಲಯದ ಹಿಂದಿನ ಬೆಂಚಿನಲ್ಲಿ, ಅಷ್ಟೇ ಜಪಸರ ಮಾಡಿ, ಅಷ್ಟೇ ನವೇನ ಮುಗಿಸಿ, ಬರಿಗೈಯಲ್ಲಿ ಕೂತ ತಾಯಿ ಈ ಮಾತನ್ನು ಕೇಳಿಸಿಕೊಳ್ಳುತ್ತಾಳೆ. ಅವಳ ಮಗನನ್ನು ದೇವರು ಆಶೀರ್ವದಿಸಲಿಲ್ಲವೇ? ಅಮೆರಿಕದ ಕೆಲವು ಪಂಗಡಗಳಲ್ಲಿ ಸಿರಿಯೇ ದೇವರ ಮೆಚ್ಚುಗೆಯ ಗುರುತು ಎಂಬ ಬೋಧನೆ ಜೋರಾಗಿದೆ. ಟಿ.ವಿ.ಯಲ್ಲಿ ಅದು ನಮ್ಮ ಮನೆಗಳಿಗೂ ಬರುತ್ತದೆ. ಅಂಥ ಬೋಧನೆಗೆ ಬಡವನ ಮುಂದೆ ಹೇಳಲು ಏನೂ ಇಲ್ಲ. ಇನ್ನಷ್ಟು ವಿಶ್ವಾಸವಿಡು, ಇನ್ನಷ್ಟು ಕಾಣಿಕೆ ಕೊಡು ಎಂಬುದನ್ನು ಬಿಟ್ಟು.

ಪ್ರಭು ಯೇಸು ಹೀಗೆ ಬೋಧಿಸಲಿಲ್ಲ. ಸಿಲೊವಾಮ್ ಗೋಪುರ ಕುಸಿದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿರಲಿಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದರು (ಲೂಕ 13:4-5). ಗೋಪುರ ಮೈಮೇಲೆ ಬಿದ್ದದ್ದು ಪಾಪದ ಗುರುತಲ್ಲವಾದರೆ, ಗೋಪುರದ ಒಡೆಯನಾದದ್ದು ಪುಣ್ಯದ ಗುರುತು ಹೇಗಾದೀತು? ಸಂತ ಥಾಮಸ್ ಅಕ್ವಿನಾಸರು ಆಕಸ್ಮಿಕದ ಬಗ್ಗೆ ಒಂದು ಸುಂದರ ಉದಾಹರಣೆ ಕೊಡುತ್ತಾರೆ. ಯಜಮಾನನೊಬ್ಬ ಇಬ್ಬರು ಆಳುಗಳನ್ನು, ಒಬ್ಬನ ವಿಷಯ ಇನ್ನೊಬ್ಬನಿಗೆ ತಿಳಿಸದೆ, ಒಂದೇ ಜಾಗಕ್ಕೆ ಕಳುಹಿಸುತ್ತಾನೆ. ಅವರ ಪಾಲಿಗೆ ಆ ಭೇಟಿ ಆಕಸ್ಮಿಕ. ಯಜಮಾನನ ಪಾಲಿಗೆ ಅಲ್ಲ. ಹಾಗೆಯೇ ದೇವರ ಪರಾಮರಿಕೆಯ ಹೊರಗೆ ಯಾವ ಅದೃಷ್ಟವೂ ಇಲ್ಲ. ಇದು ಸಮಾಧಾನದ ಮಾತು ಹೌದು. ಆದರೆ ಯಜಮಾನ ಕಳುಹಿಸಿದನೆಂದು ತಿಳಿಯುವುದು ಬೇರೆ, ಯಾಕೆ ಕಳುಹಿಸಿದನೆಂದು ತಿಳಿಯುವುದು ಬೇರೆ. ಚೀಟಿ ಬಂದವನು ಅದನ್ನು ಬಹುಮಾನವೆಂದು ಓದಿಕೊಂಡರೆ ಯಜಮಾನನ ಮನಸ್ಸನ್ನು ತಾನೇ ಬರೆದಂತೆ. ಅದು ಒಂದು ಹೊಣೆಯೂ ಆಗಿರಬಹುದಲ್ಲವೇ?

ಇನ್ನೊಂದು ವಿಷಯವಿದೆ, ಅದನ್ನು ಅದೃಷ್ಟದ ಖಾತೆಗೆ ಬರೆಯಬಾರದು. 1930ರ ದಶಕದಲ್ಲಿ ಅಮೆರಿಕದ ಸರಕಾರಿ ಸಂಸ್ಥೆಯೊಂದು ನಗರಗಳ ನಕ್ಷೆ ಮಾಡಿ ಕರಿಯ ಜನರು ವಾಸಿಸುವ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಯಿತು. ಅಂದರೆ ಅಲ್ಲಿ ಮನೆಸಾಲ ಅಪಾಯಕಾರಿ. ಅಂಥ ಬಡಾವಣೆಗಳಿಗೆ ಸರಕಾರದ ಸಾಲಭದ್ರತೆಯೂ ಸಿಗಲಿಲ್ಲ. ಅಮೆರಿಕದ ಸಾಧಾರಣ ಕುಟುಂಬಕ್ಕೆ ಮನೆಯೇ ದೊಡ್ಡ ಆಸ್ತಿ. ಬಿಳಿಯ ಕಾರ್ಮಿಕ ಸಾಲ ತೀರಿಸಿ ಮಕ್ಕಳಿಗೆ ಮನೆ ಬಿಟ್ಟುಹೋದ. ಅಷ್ಟೇ ದುಡಿದ ಕರಿಯ ಕಾರ್ಮಿಕ ಬಾಡಿಗೆ ಕಟ್ಟಿ ಸತ್ತ. ಕಾನೂನು ಇದನ್ನು ತಡೆದದ್ದು 1968ರಲ್ಲಿ. ಇದನ್ನು ಹಣೆಬರಹ ಎನ್ನೋಣವೇ? ಆ ನಕ್ಷೆಗೆ ಬಣ್ಣ ಬಳಿದದ್ದು ಮನುಷ್ಯರ ಕೈ. ಅಮೆರಿಕದಲ್ಲಿ ಹುಟ್ಟಿದ ಮೊದಲ ಜಗದ್ಗುರು 14ನೇ ಲಿಯೋ ಅವರು 2025ರ ಅಕ್ಟೋಬರಿನಲ್ಲಿ ಹೊರಡಿಸಿದ ‘ದಿಲೆಕ್ಸಿ ತೇ’ ಎಂಬ ಪ್ರಬೋಧನಾ ಪತ್ರದಲ್ಲಿ ಹೇಳುವುದೂ ಇದನ್ನೇ: ಬಡವರು ಬಡವರಾಗಿರುವುದು ಕುರುಡು ವಿಧಿಯಿಂದಲ್ಲ, ಬಹುಪಾಲಿನವರಿಗೆ ಅದು ಅವರ ಆಯ್ಕೆಯೂ ಅಲ್ಲ, ಗೆದ್ದವನೊಬ್ಬನೇ ಯೋಗ್ಯನೆಂಬ ಎಣಿಕೆ ಸುಳ್ಳು. ಕಾರ್ಮಿಕರ ನ್ಯಾಯಕ್ಕಾಗಿ 1891ರಲ್ಲಿ ‘ರೇರುಂ ನೊವಾರುಂ’ ಬರೆದ 13ನೇ ಲಿಯೋ ಅವರನ್ನು ನೆನೆದೇ ಇವರು ತಮ್ಮ ಹೆಸರನ್ನು ಆರಿಸಿಕೊಂಡದ್ದು.

ಅಮೆರಿಕದ ಹೋಂ ಡಿಪೋ ಅಂಗಡಿಗಳ ಮುಂದೆ ಬೆಳಿಗ್ಗೆ ಹೊತ್ತು ದಿನಗೂಲಿಗಳು ಗುಂಪಾಗಿ ನಿಂತಿರುತ್ತಾರೆ, ನಮ್ಮ ಊರುಗಳ ಸರ್ಕಲ್ಲಿನಲ್ಲಿ ಗಾರೆ ಕೆಲಸದವರು ನಿಂತಂತೆ. ಗಾಡಿ ಬಂದು ನಾಲ್ವರನ್ನು ಕರೆದೊಯ್ಯುತ್ತದೆ, ಉಳಿದವರು ಕಾಯುತ್ತಾರೆ. ದ್ರಾಕ್ಷಿತೋಟದ ಸಾಮತಿಯಲ್ಲಿ (ಮತ್ತಾಯ 20:1-16) ಸಂಜೆ ಐದರವರೆಗೂ ನಿಂತವರು ಸೋಮಾರಿಗಳಲ್ಲ. ತಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ ಎಂಬುದೇ ಅವರ ಉತ್ತರ. ಯಜಮಾನ ಅವರ ಅದೃಷ್ಟವನ್ನೂ ಅಳೆಯಲಿಲ್ಲ, ಬೆವರನ್ನೂ ಅಳೆಯಲಿಲ್ಲ. ಒಂದು ದಿನದ ಸಂಸಾರಕ್ಕೆ ಎಷ್ಟು ಬೇಕೋ ಅಷ್ಟು ಕೊಟ್ಟ. ಅಮೆರಿಕದ ಧರ್ಮಗುರು ಜಾನ್ ರಯಾನ್ 1906ರಲ್ಲಿ ಸಂಸಾರ ಸಾಗಿಸಲು ಸಾಲುವ ಕೂಲಿ ಕಾರ್ಮಿಕನ ಹಕ್ಕು ಎಂದು ಇಡೀ ಗ್ರಂಥವನ್ನೇ ಬರೆದರು. 2009ರಲ್ಲಿ ಅಲ್ಲಿನ ಕೇಂದ್ರ ಸರಕಾರ ಕನಿಷ್ಠ ಕೂಲಿಯನ್ನು ಗಂಟೆಗೆ 7.25 ಡಾಲರಿಗೆ ಏರಿಸಿತು. ಆಮೇಲೆ ಹದಿನೈದು ವರ್ಷ ಕಳೆದರೂ ಅದು ಕದಲಲಿಲ್ಲ. ಹಲವು ರಾಜ್ಯಗಳಲ್ಲಿ ಹೆಚ್ಚಿದೆ, ನಿಜ. ಆದರೆ ಆ ದರದಲ್ಲಿ ವಾರಕ್ಕೆ 40 ಗಂಟೆಯಂತೆ ಒಂದು ವಾರವೂ ಬಿಡದೆ ದುಡಿದವನಿಗೆ ವರ್ಷಕ್ಕೆ ಬರುವುದು 15,080 ಡಾಲರ್. ದುಡಿಮೆಯ ಮಹಿಮೆಯನ್ನು ಹಾಡುವವರು ಮೊದಲು ಈ ಲೆಕ್ಕ ನೋಡಲಿ.

ವೀಸಾ ಸಿಕ್ಕಿದ್ದಕ್ಕೆ, ಗ್ರೀನ್ ಕಾರ್ಡ್ ಬಂದದ್ದಕ್ಕೆ ಕೃತಜ್ಞತೆಯ ಪೂಜೆ ಹೇಳಿಸಲು ಬರುವವರಿಗೆ ನಾನು ಸಂತೋಷದಿಂದಲೇ ದಿನ ಗೊತ್ತುಮಾಡಿ ಕೊಡುತ್ತೇನೆ. ಕೃತಜ್ಞತೆ ಬಹು ದೊಡ್ಡ ಗುಣ; ಎಲ್ಲವೂ ನನ್ನ ಸಂಪಾದನೆ ಎನ್ನುವವನ ಬಾಯಲ್ಲಿ ಅದು ಬರುವುದೇ ಇಲ್ಲ. ಒಂದು ಕೋರಿಕೆ ಮಾತ್ರ ಇಡುತ್ತೇನೆ. ಆ ಪೂಜೆಯ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ, ಅದೇ ವರ್ಷ ಚೀಟಿ ಬಾರದೆ ಉಳಿದವರಿಗಾಗಿ, ಅವನು ಹೋಗಲಿರುವ ದೇಶದಲ್ಲಿ ಅಂಗಡಿಯ ಮುಂದೆ ಕೂಲಿಗೆ ಕಾಯುವವರಿಗಾಗಿ ಒಂದು ಬಿನ್ನಹ ಸೇರಿಸಿ, ಅದನ್ನು ಹೊರಟಿರುವ ಹುಡುಗನೇ ಓದಲಿ ಎನ್ನುತ್ತೇನೆ. ಕೆಲವು ತಂದೆತಾಯಿಗಳಿಗೆ ಮುಜುಗರವಾಗುತ್ತದೆ, ಶುಭಸಮಯದಲ್ಲಿ ಇದೇಕೆ ಸ್ವಾಮಿ ಎನ್ನುತ್ತಾರೆ. ಹುಡುಗರು ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ. ಚೀಟಿ ಎತ್ತಿದ ದಿನ ತಮ್ಮ ಪಕ್ಕದಲ್ಲಿ ಕೂತಿದ್ದವನು ಯಾರೆಂದು ಅವರಿಗೆ ಗೊತ್ತಿರುತ್ತದೆ.